ಸೀಸ ಹೊಯ್ಯುವ ಕೈ

ಅಮಾವಾಸ್ಯೆಯ ದಿನ ಸಂತೆಕಲ್ಲೂರಿನಲ್ಲಿ ಮರಿಸ್ವಾಮಿಯ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಲ್ಲುವ ಹೊತ್ತಿಗೇ ಕಟ್ಟೆಯ ತುಂಬ ಹೆಂಗಸರು, ಅವರ ಮಡಿಲ ತುಂಬ ಕೂಸುಗಳು. ಒಂದು ಕೂಸು ಹಾಲು ಕುಡಿಯುವುದಿಲ್ಲ, ಇನ್ನೊಂದು ಸುಮ್ಮಸುಮ್ಮನೆ ಚೀರುತ್ತದೆ. ಮತ್ತೊಂದು ಗುಂಡುಗುಂಡಾಗಿ ಚೆನ್ನಾಗಿಯೇ ಇದೆ, ಆದರೆ ಮೊನ್ನೆ ಮದುವೆಮನೆಯಲ್ಲಿ ಯಾರೋ ಅದರ ಗಲ್ಲ ಹಿಡಿದು ‘ಎಷ್ಟು ಚಂದ ಐತಿ’ ಅಂದುಬಿಟ್ಟಿದ್ದಾರೆ. ಅಷ್ಟು ಸಾಕಲ್ಲ, ದೃಷ್ಟಿಯಾಗಲು!

ಮರಿಸ್ವಾಮಿಯ ಹೆಂಡತಿ ವೀರಭದ್ರಮ್ಮ ದೃಷ್ಟಿಗೆ ಸೀಸ ಹೊಯ್ಯುತ್ತಿದ್ದಳು. ಕೂಸನ್ನು ತಾಯಿಯ ತೊಡೆಯ ಮೇಲೆ ಕೂಡಿಸಿ, ತಲೆಯ ಮೇಲೆ ಒದ್ದೆ ಬಿಳಿಬಟ್ಟೆ ಹೊದಿಸಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆಯ ಪರಾತ ಹಿಡಿಯಬೇಕು. ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಕರಗಿ ಹೊಳೆಯುವ ಸೀಸವನ್ನು ಆಕೆ ಬಾಯಲ್ಲಿ ಏನೋ ಅನ್ನುತ್ತ ನೀರಿಗೆ ಸುರಿಯುತ್ತಿದ್ದಳು. ಚುಂಯ್ ಎಂದು ಹೊಗೆ ಏಳುತ್ತಿತ್ತು. ನೀರಿನ ತಳದಲ್ಲಿ ಗಟ್ಟಿಯಾದ ಚೂರನ್ನು ಎತ್ತಿ ತೋರಿಸಿ, “ನೋಡು, ಕಣ್ಣು ಎದ್ದಾವ. ಯಾರೋ ಹೆಂಗಸಿನ ಕಣ್ಣು” ಅನ್ನುತ್ತಿದ್ದಳು. ಎಷ್ಟು ತೂತು ಬಿದ್ದಿವೆಯೋ ಅಷ್ಟು ಕಣ್ಣು. ಆ ನೀರನ್ನು ಕೂಸಿಗೆ ಗುಟುಕು ಗುಟುಕಾಗಿ ಕುಡಿಸಿ, ಉಳಿದದ್ದನ್ನು ಹಿತ್ತಲಲ್ಲಿ ಯಾರೂ ತುಳಿಯದ ಮೂಲೆಗೆ ಚೆಲ್ಲುವುದು. ಚೂರನ್ನು ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟುವುದು. ಬೆಳ್ಳಿಯಂತೆ ಹೊಳೆಯುತ್ತಿದ್ದ ಚೂರು ಮುಂದಿನ ಅಮಾವಾಸ್ಯೆಯೊಳಗೆ ಕಪ್ಪಿಟ್ಟಿರುತ್ತಿತ್ತು. ದೃಷ್ಟಿಯನ್ನೆಲ್ಲ ಅದು ಕುಡಿದಿದೆ, ಇನ್ನು ಹೊಸದು ಕಟ್ಟಬೇಕು. ಸೀಸವೆಂಬುದು ಗಾಳಿಗೆ ಹಿಡಿದರೇ ಕಪ್ಪಿಡುತ್ತದೆ, ಅದಕ್ಕೆ ಯಾರ ಕಣ್ಣೂ ಬೇಕಾಗಿಲ್ಲ ಎಂದು ಆ ಊರಿನಲ್ಲಿ ಯಾರಿಗೂ ತೋಚಿರಲಿಲ್ಲ.

ವೀರಭದ್ರಮ್ಮ ಮೋಸಗಾರ್ತಿಯಾಗಿದ್ದರೆ ಈ ಕಥೆ ಹೇಳುವುದು ಎಷ್ಟೋ ಸಲೀಸಾಗುತ್ತಿತ್ತು. ಆಕೆ ಒಂದು ತೆಂಗಿನಕಾಯಿಯನ್ನೂ ಯಾರಿಂದಲೂ ತೆಗೆದುಕೊಂಡವಳಲ್ಲ. ಉಣ್ಣಲು ಕೂತಾಗ ಯಾರಾದರೂ ಅಳುವ ಕೂಸು ತಂದರೆ ಕೈ ತೊಳೆದುಕೊಂಡು ಏಳುತ್ತಿದ್ದಳು. ಅದಕ್ಕೊಂದು ಕಾರಣವಿತ್ತು. ಅವಳ ಕಿರಿಯ ಮಗ ಗುರುಬಸವ ಇನ್ನೂ ಅಂಗಳದಲ್ಲಿ ಆಡುವ ವಯಸ್ಸಿನಲ್ಲೇ ಫಿಟ್ಸ್ ಬಂದು ಬಂದು ತೀರಿಕೊಂಡಿದ್ದ. ಆಗ ಸೀಸ ಹೊಯ್ಯುತ್ತಿದ್ದವಳು ಅವಳ ಅತ್ತೆ. “ಅವತ್ತು ಇನ್ನೊಂದು ಸಲ ಹೊಯ್ಯಂದೆ. ಆಕಿ ಹೊತ್ತು ಮುಳುಗೈತಿ ಅಂದ್ಲು. ಹೊಯ್ದಿದ್ರ ನನ್ನ ಕೂಸು ಉಳೀತಿತ್ತು,” ಎಂದು ವೀರಭದ್ರಮ್ಮ ಇವತ್ತಿಗೂ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂದಿನಿಂದ ಯಾವ ಕೂಸಿಗೂ ಆಕೆ ಇಲ್ಲ ಎಂದಿಲ್ಲ.

ಸೊಸೆ ವಿಜಯಶ್ರೀ ಲಿಂಗಸುಗೂರಿನವಳು, ಡಿಗ್ರಿ ಓದಿದವಳು. ಅವಳ ತವರಿನಲ್ಲಿಯೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಇದೂ ಹಾಗೆಯೇ, ಹಿರಿಯರ ಸಮಾಧಾನಕ್ಕೆ ಒಂದು ಎಂದುಕೊಂಡು ಮದುವೆಯಾದಾಗಿನಿಂದ ಅತ್ತೆಯ ಪಕ್ಕ ನಿಂತು ಪರಾತ ಹಿಡಿದವಳು ಅವಳೇ. ಹಳೇ ಕಾಲದ ಸೀಸದ ಗಡ್ಡೆ ಸವೆದು ಮುಗಿದು ಎಷ್ಟೋ ವರ್ಷವಾಗಿತ್ತು. ಈಗ ಸೀಸಕ್ಕೆ ಬರವಿರಲಿಲ್ಲ. ಅವಳ ಗಂಡ ಶಿವಕಾಂತನದು ಮಸ್ಕಿಯಲ್ಲಿ ಟ್ರಾಕ್ಟರ್ ಬ್ಯಾಟರಿ ರಿಪೇರಿಯ ಅಂಗಡಿ. ಸತ್ತ ಬ್ಯಾಟರಿಗಳ ಒಳಗಿನ ಪ್ಲೇಟುಗಳನ್ನು ಚೀಲದಲ್ಲಿ ತುಂಬಿ ತಂದು ದನದ ಕೊಟ್ಟಿಗೆಯ ಹಿಂದೆ ಇಡುತ್ತಿದ್ದ. ಅವ್ವನ ಪುಣ್ಯದ ಕೆಲಸಕ್ಕೆ ಮಗನ ಅಳಿಲಸೇವೆ!

ವಿಜಯಶ್ರೀಯ ಮಗಳು ಶಿವಗಂಗಾ ವರ್ಷ ತುಂಬುವುದರೊಳಗೆ ಮಾತು ಕಲಿತಿದ್ದಳು. ಕೋಳಿಗೆ ‘ಕೊಕೊ’, ಎಮ್ಮೆಗೆ ‘ಎಂಬಾ’, ಅಜ್ಜಿಗೆ ‘ಅಮ್ಮಾಯಿ’. ಓಣಿಯವರೆಲ್ಲ ಅವಳನ್ನು ಮಾತಾಡಿಸಲೆಂದೇ ಬರುತ್ತಿದ್ದರು. ಇಷ್ಟು ಮಾತಾಡುವ ಕೂಸಿಗೆ ದೃಷ್ಟಿಯಾಗದೆ ಇದ್ದೀತೇ? ವೀರಭದ್ರಮ್ಮ ಬೇರೆ ಮಕ್ಕಳಿಗೆ ತಿಂಗಳಿಗೊಮ್ಮೆ ಹೊಯ್ದರೆ ಮೊಮ್ಮಗಳಿಗೆ ವಾರವಾರವೂ ಹೊಯ್ಯತೊಡಗಿದಳು. ಹಲ್ಲು ಬರುವ ವಯಸ್ಸು. ಕೊರಳಲ್ಲಿ ತೂಗಾಡುವ ಮೆತ್ತನೆಯ ಚೂರು ಯಾವಾಗಲೂ ಕೂಸಿನ ಬಾಯಲ್ಲಿ. ಅದರ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು ಮೂಡಿದಾಗ ವೀರಭದ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಯವ್ವಾ ಯವ್ವಾ, ದೃಷ್ಟಿ ಹೆಂಗ ಕಚ್ಚೈತಿ ನೋಡ! ಈ ಸೀಸ ಇರಲಿಲ್ಲಂದ್ರ ಕೂಸಿನ್ನ ಕಚ್ಚತಿತ್ತು.”

“ಅತ್ತಿ, ಅವು ಗಂಗಾನ ಹಲ್ಲು,” ಅಂದಳು ವಿಜಯಶ್ರೀ.

“ನೀ ಸುಮ್ಕಿರು. ನಿನಗೇನು ಗೊತ್ತು.”

ಎರಡು ವರ್ಷ ತುಂಬಿದ ಮೇಲೆ ಕೂಸು ಉಣ್ಣುವುದು ಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ಮುದುಡಿ ಅಳುತ್ತಿತ್ತು. ಮೈ ಬಿಳಚಿಕೊಂಡಿತು. ಸಿಂಧನೂರಿನಲ್ಲಿ ತೋರಿಸಿದರೆ ಜಂತುಹುಳದ ಔಷಧ ಕೊಟ್ಟರು, ಇನ್ನೊಂದು ಕಡೆ ರಕ್ತ ಆಗುವ ಟಾನಿಕ್ ಕೊಟ್ಟರು. ಮನೆಗೆ ಬಂದರೆ ಸೀಸ ಹೊಯ್ದರು. ಆಮೇಲೆ ಮಾತು ಹೋಗತೊಡಗಿದವು. ಮೊದಲು ಕೊಕೊ ಹೋಯಿತು. ಎಂಬಾ ಹೋಯಿತು. ಒಂದು ದಿನ ಅಜ್ಜಿ ಕೈಚಾಚಿ ಕರೆದರೆ ಕೂಸು ಅಮ್ಮಾಯಿ ಅನ್ನಲಿಲ್ಲ, ಹಲ್ಲು ಕಡಿಯುತ್ತ ಸುಮ್ಮನೆ ನೋಡಿತು. ವೀರಭದ್ರಮ್ಮ ಅಂದು ಬಿಕ್ಕಿಬಿಕ್ಕಿ ಅತ್ತಳು, ಅತ್ತು ಮುಗಿದ ಮೇಲೆ ಎದ್ದು ಒಲೆ ಹೊತ್ತಿಸಿ ಸೌಟು ಇಟ್ಟಳು. ಆಕೆಗೆ ಗೊತ್ತಿದ್ದ ಔಷಧ ಅದೊಂದೇ.

ಹಿತ್ತಲಲ್ಲಿ ಕೋಳಿಗಳು ಕತ್ತು ಜೋತುಹಾಕಿ ಸಾಯುತ್ತಿದ್ದವು. ಸೀಸದ ನೀರು ಚೆಲ್ಲುವ ಮೂಲೆಯಲ್ಲಿ ಮನುಷ್ಯರು ಕಾಲಿಡುತ್ತಿರಲಿಲ್ಲ, ಕೋಳಿಗಳಿಗೆ ಯಾರು ಹೇಳುವವರು? ನೀರಿನಲ್ಲಿ ಸಿಡಿದ ಕಾಳಿನಷ್ಟು ಚೂರುಗಳನ್ನು ಅವು ಕೆದರಿ ಕೆದರಿ ನುಂಗುತ್ತಿದ್ದವು. ಅದರ ಪಕ್ಕದಲ್ಲೇ ಮನೆಯವರು ಉಣ್ಣುವ ಪುಂಡಿಪಲ್ಲೆ ಸೊಪ್ಪಿನ ಮಡಿ. ಕೋಳಿ ಸತ್ತರೆ ಮರಿಸ್ವಾಮಿ, “ನೋಡ್ರಿ, ಮನಿಮ್ಯಾಲ ಬರೋದು ಕೋಳಿಮ್ಯಾಲ ಹೋತು,” ಎಂದು ಸಮಾಧಾನಪಡುತ್ತಿದ್ದ.

ಆಮೇಲೆ ಎಮ್ಮೆಯ ಕರು ಬಿತ್ತು. ಮೂರು ದಿನದಿಂದ ಮೇವು ಮುಟ್ಟದೆ, ಕಣ್ಣು ಕಾಣದೆ, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿತ್ತು. ಮಸ್ಕಿಯಿಂದ ದನದ ಡಾಕ್ಟರ್ ಸಮೀಉಲ್ಲಾ ಬೈಕಿನಲ್ಲಿ ಬರುವಷ್ಟರಲ್ಲಿ ಕಾಲು ಚಾಚಿತ್ತು. ಅವನು ಕರುವಿನ ಬಾಯಿ ಬಿಡಿಸಿ ನೋಡಿದ, ಕೊಟ್ಟಿಗೆಯ ಹಿಂದೆ ಹೋಗಿ ಚೀಲ ನೋಡಿದ.

“ಬ್ಯಾಟರಿ ಪ್ಲೇಟು ನೆಕ್ಕೈತ್ರೀ ಇದು. ಸೀಸದ ವಿಷ. ಮದ್ಲ ಮೇವು ಬಿಟ್ಟಿತ್ತೇನು?”

“ಬಿಟ್ಟಿತ್ತು,” ಅಂದ ಮರಿಸ್ವಾಮಿ.

“ಹೊಟ್ಟಿ ಕಟ್ಟಿತ್ತು? ಹಲ್ಲು ಕಡೀತಿತ್ತು? ಕರದ್ರ ಖಬರ ಇರಲಿಲ್ಲ?”

ಒಂದೊಂದಕ್ಕೂ ಮರಿಸ್ವಾಮಿ ಹೌದು ಹೌದು ಅನ್ನುತ್ತಿದ್ದ. ಹಿಂದೆ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದ ವಿಜಯಶ್ರೀ ಎರಡು ಹೆಜ್ಜೆ ಮುಂದೆ ಬಂದಳು. ಕೇಳುತ್ತಿರುವುದು ಕರುವಿನ ಬಗ್ಗೆ, ಆದರೆ ಉತ್ತರವೆಲ್ಲ ಅವಳ ಸೊಂಟದ ಮೇಲಿತ್ತು.

“ಸರ್, ಮನುಷ್ಯಾರಿಗೂ ಹಿಂಗ ಆಗತೈತೇನ್ರಿ?”

“ಯಾಕ ಆಗಂಗಿಲ್ಲವ್ವ? ಸಣ್ಣ ಮಕ್ಕಳಿಗಂತೂ ಭಾಳ ಜಲ್ದಿ. ಮೆದುಳಿಗೇ ಹತ್ತತೈತಿ,” ಎನ್ನುತ್ತ ತಿರುಗಿದ ಸಮೀಉಲ್ಲಾನ ಕಣ್ಣು ಕೂಸಿನ ಬಾಯಲ್ಲಿದ್ದ ಚೂರಿನ ಮೇಲೆ ಬಿತ್ತು. “ಏನವ್ವ ಅದು? ಸೀಸ ಅಲ್ಲೇನು? ತೆಗಿ. ಈಗಿಂದೀಗ ತೆಗಿ. ನಾ ದನದ ಡಾಕ್ಟ್ರು, ಮಂದಿ ಮಕ್ಕಳಿಗೆ ಔಷಧ ಹೇಳಾಂಗಿಲ್ಲ. ಆದ್ರ ಈ ಕೂಸಿನ ರಕ್ತದಾಗ ಸೀಸ ಎಷ್ಟೈತಿ ಅಂತ ಇವತ್ತ ತೋರಸು.”

ಅಂದು ಸಂಜೆಯೊಳಗೆ ಮರಿಸ್ವಾಮಿ ಆಳು ಹಚ್ಚಿ ಚೀಲವನ್ನು ಕೊಟ್ಟಿಗೆಯಿಂದ ತೆಗೆಸಿದ. ಎಮ್ಮೆಯನ್ನು ಬೇರೆ ಕಡೆ ಕಟ್ಟಿಸಿದ. ‘ಮೂಕಪ್ರಾಣಿ, ಪಾಪ ಹತ್ತೀತು’ ಎಂದು ಮಗನನ್ನು ಬೈದ. ಚೀಲ ಮಾತ್ರ ಅಡುಗೆಮನೆಯ ಅಟ್ಟಕ್ಕೆ ಹೋಯಿತು! ದನಕ್ಕೆ ವಿಷವಾದದ್ದು ಮನುಷ್ಯರ ಅಟ್ಟದ ಮೇಲೆ ಪವಿತ್ರವಾಯಿತು. ಇಂಥ ಬುದ್ಧಿಗೆ ಏನನ್ನಬೇಕೋ ಓದುವವರೇ ಹೇಳಲಿ.

“ಮಾವಾರ, ಕರು ಸತ್ತಿದ್ದಕ್ಕ ಡಾಕ್ಟ್ರು ಹೇಳಿದ್ದು ಖರೆ ಅಂದ್ರಿ. ಕೂಸಿಗೆ ಹೇಳಿದ್ದು ಯಾಕ ಖರೆ ಅಲ್ಲ?” ಎಂದು ವಿಜಯಶ್ರೀ ಕೇಳಿದಳು.

“ಕರು ಬ್ಯಾಟರಿ ನೆಕ್ಕಿತು. ನಮ್ಮ ಕೂಸು ಬ್ಯಾಟರಿ ನೆಕ್ಕೈತೇನು? ಇದು ಮಂತ್ರಿಸಿದ ಸೀಸ.”

“ಎರಡೂ ಅದ ಚೀಲದ್ದಲ್ಲೇನ್ರಿ?”

“ಬೆಂಕಿಗೆ ಇಟ್ಟ ಮ್ಯಾಲ ವಿಷ ಉಳೀತೈತೇನು? ಎಲ್ಲಾ ಸುಟ್ಟು ಶುದ್ಧ ಆಗತೈತಿ.”

“ಸೀಸ ಸುಡಂಗಿಲ್ರಿ, ಕರಗತೈತಿ ಅಷ್ಟ. ಎಷ್ಟು ಸಲ ಕರಗಿಸಿದ್ರೂ ಸೀಸ ಸೀಸನ. ಆ ಹೊಗಿ ಕೂಸಿನ ಎದಿಯಾಗ, ನೀರು ಹೊಟ್ಟಿಯಾಗ, ಚೂರು ಬಾಯಾಗ. ಇನ್ನೇನು ಉಳೀತ್ರಿ?”

“ಮೂರು ತಲಿಯಿಂದ ಹೊಯ್ದಾರ ಈ ಮನ್ಯಾಗ. ಒಂದು ಪೈಸೆ ಮುಟ್ಟಿಲ್ಲ. ನೀ ಬಂದು ವಿಷ ಅಂತಿ. ನಿಮ್ಮತ್ತಿ ವಿಷ ಹಾಕತಾಳೇನು ಮಂದಿ ಮಕ್ಕಳಿಗೆ?”

ಈ ಮಾತು ಬಂದರೆ ಮುಗಿಯಿತು. ವಿಜಯಶ್ರೀ ಹೇಳುವುದು ಲೋಹದ ಮಾತು. ಅವರಿಗೆ ಕೇಳಿಸುವುದು ಮನೆತನದ ಮಾನ. ಗಂಡನ ಮುಖ ನೋಡಿದರೆ ಅವನು ಮೊಬೈಲ್ ನೋಡುತ್ತಿದ್ದ. “ನೀವರ ಹೇಳ್ರಿ. ನಿಮ್ಮ ಅಂಗಡ್ಯಾಗ ಪ್ಲೇಟು ಮುಟ್ಟಿ ಕೈ ತೊಳಕೊಳ್ಳದ ಉಣ್ಣಬಾರದು ಅಂತ ನೀವ ಹೇಳತಿದ್ರಿ,” ಅಂದಳು. ಶಿವಕಾಂತ, “ಹೌದು, ಆದ್ರ ಅವ್ವಗ ಹೆಂಗ ಹೇಳ್ಲಿ ವಿಜೀ? ಆಕಿ ಮನಸು ನೊಂದುಕೊಂತಾಳ,” ಅಂದ. ತವರಿಗೆ ಫೋನ್ ಮಾಡಿದರೆ ಅವಳ ತಾಯಿಯೂ, “ಹಿರ್ಯಾರ ಸಂಗಾಟ ವಾದ ಬ್ಯಾಡವ್ವ, ಹೊಂದಿಕೊಂಡು ಹೋಗು,” ಅಂದಳು. ಎಲ್ಲರಿಗೂ ಎಲ್ಲರ ಮನಸ್ಸಿನ ಚಿಂತೆಯಿತ್ತು, ಕೂಸಿನ ಮೆದುಳಿನ ಚಿಂತೆ ಒಬ್ಬಳಿಗೇ.

ಮರುದಿನ ಯಾರನ್ನೂ ಕೇಳದೆ ಮಗಳನ್ನೆತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದಳು. ಈ ಸಲ ಮಕ್ಕಳ ಡಾಕ್ಟರ್ ಹೆಂಗಸು. ವಿಜಯಶ್ರೀ ಒಂದನ್ನೂ ಬಿಡದೆ ಹೇಳಿ, ಸೀಸದ ಚೂರನ್ನು ಮೇಜಿನ ಮೇಲಿಟ್ಟಳು. ಡಾಕ್ಟರ್ ರಕ್ತ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ವರದಿ ಬರುವುದರೊಳಗೇ ಕೂಸಿಗೆ ಮನೆಯಲ್ಲಿ ಫಿಟ್ಸ್ ಬಂತು. ಗುರುಬಸವನಿಗೆ ಬಂದಂತೆಯೇ, ಎಂದು ವೀರಭದ್ರಮ್ಮ ಎದೆ ಬಡಿದುಕೊಂಡಳು.

“ಇಷ್ಟು ಸೀಸ ಇದ್ದ ಕೂಸನ್ನು ನಾನು ನೋಡಿಲ್ಲಮ್ಮ,” ಅಂದರು ಡಾಕ್ಟರ್, ವರದಿ ಬಂದ ದಿನ. “ರಾಯಚೂರಿಗೆ ಕಳಿಸ್ತೀನಿ. ಅಲ್ಲಿ ಸೀಸ ಇಳಿಸೋ ಔಷಧ ಕೊಡ್ತಾರೆ. ಜೀವ ಉಳಿಯುತ್ತೆ. ಹೋದ ಮಾತೆಲ್ಲಾ ತಿರುಗಿ ಬರ್ತವೆ ಅಂತ ಮಾತ್ರ ಹೇಳಲಾರೆ. ಆದರೆ ಕೇಳು, ಮನೆಯಲ್ಲಿ ಸೀಸ ನಿಲ್ಲದಿದ್ದರೆ ಎಷ್ಟು ಔಷಧ ಕೊಟ್ಟರೂ ದಂಡ.”

ಮನೆಯವರಿಗೆ ಇದನ್ನು ಹೇಳಿದಾಗ ಅವರು ಪೂರ್ತಿ ಒಪ್ಪಿದರು. ಹೌದು, ರಕ್ತದಲ್ಲಿ ಸೀಸವಿದೆ! “ನಾ ಅಂದಿಲ್ಲೇನು?” ಅಂದಳು ವೀರಭದ್ರಮ್ಮ. “ದೃಷ್ಟಿ ಅಷ್ಟು ಜೋರೈತಿ. ಸೀಸ ಅದನ್ನ ಹಿಡಿಯಾಕ ಹೋಗಿ ಮೈಯಾಗ ಇಳಿದೈತಿ. ಇನ್ನೊಂದು ಸಲ ಹೊಯ್ದರ ಎಳಕೊಂಡು ಹೊರಗ ಬರತೈತಿ.” ವಿಜಯಶ್ರೀಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕರುವಿನ ನೆನಪಾಗಿ ಸುಮ್ಮನಾದಳು.

ರಾಯಚೂರಿನಲ್ಲಿ ಕೂಸು ಚೇತರಿಸಿಕೊಂಡಿತು. ಹೊಟ್ಟೆನೋವು ಹೋಯಿತು, ಉಣ್ಣತೊಡಗಿತು. ಮನೆಗೆ ಬಂದ ದಿನ ಅಂಗಳದಲ್ಲಿ ಕೋಳಿ ನೋಡಿ, ಬಹಳ ಹೊತ್ತು ಹುಡುಕಾಡಿದಂತೆ ತುಟಿ ಅಲ್ಲಾಡಿಸಿ, “ಕೊ” ಅಂದಿತು. ವಿಜಯಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟಾದ ಮೇಲೆ ಅವಳು ಜಳಕಕ್ಕೆ ಹೋಗಿ ಬರುವುದರೊಳಗೆ ಕೂಸಿನ ಕೊರಳಲ್ಲಿ ಹೊಸ ಕರಿದಾರ, ಹೊಸ ಚೂರು, ಫಳಫಳ ಹೊಳೆಯುವುದು! ಅವಳು ದಾರವನ್ನು ಹರಿದು ಕೈಯಲ್ಲಿ ಹಿಡಿದುಕೊಂಡು ನಿಂತಳು. ಹಿತ್ತಲಿಗೆ ಎಸೆದರೆ ಕೋಳಿಗೆ. ಹಳ್ಳಕ್ಕೆ ಎಸೆದರೆ ನೀರಿಗೆ. ಹೊಲಕ್ಕೆ ಎಸೆದರೆ ಮಣ್ಣಿಗೆ. ಎಸೆಯಲು ಜಾಗವೇ ಇಲ್ಲದ ವಸ್ತುವನ್ನು ಈ ಮನೆಯವರು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದಾರೆ ಎಂಬುದು ಆಗ ಅವಳಿಗೆ ಹೊಳೆಯಿತು. ಅದನ್ನು ಡಬ್ಬಿಯಲ್ಲಿ ಹಾಕಿ ಬಿಗಿದಿಟ್ಟಳು.

ಆ ತಿಂಗಳ ಅಮಾವಾಸ್ಯೆಗೆ ಕಟ್ಟೆ ಎಂದಿನಂತೆ ತುಂಬಿತ್ತು. ಸಿಂಧನೂರಿನ ಆಚೆ ಮುಕ್ಕುಂದದಿಂದ ಬಸ್ಸಮ್ಮ ಎಂಬ ಕೂಲಿ ಹೆಂಗಸು ಹಸಿಗೂಸು ಕಟ್ಟಿಕೊಂಡು ಬಂದಿದ್ದಳು. ಕೂಸಿಗೆ ಜ್ವರ. ತಲೆಯ ಮೇಲೆ ಒದ್ದೆ ಬಟ್ಟೆ ಹೊದಿಸಿಯಾಗಿತ್ತು. ವೀರಭದ್ರಮ್ಮ ಒಲೆಯ ಮೇಲಿನ ಸೌಟಿಗೆ ಕೈ ಹಾಕಿದಳು. ಕೈ ಏಳಲಿಲ್ಲ. ಬೆರಳು ಹಿಡಿದವು, ಮಣಿಕಟ್ಟು ಮಾತ್ರ ಒಣಗಿದ ಬಳ್ಳಿಯ ಹಾಗೆ ಜೋತುಬಿತ್ತು. ವರ್ಷದಿಂದ ಆ ಕೈ ನಡುಗುತ್ತಿತ್ತು, ಹೊಟ್ಟೆ ಕಡಿಯುತ್ತಿತ್ತು. ಊರ ಮಕ್ಕಳ ದೃಷ್ಟಿಯನ್ನೆಲ್ಲ ತನ್ನ ಮೇಲೆ ಎಳೆದುಕೊಂಡಿದ್ದಾಳೆ ಪುಣ್ಯಾತ್ಗಿತ್ತಿ ಎಂದು ಎಲ್ಲರೂ ಕೈಮುಗಿಯುತ್ತಿದ್ದರು.

“ಇನ್ನ ನನ್ನ ಕೈಲಿ ಆಗಂಗಿಲ್ಲ,” ಅಂದಳು ವೀರಭದ್ರಮ್ಮ. “ವಿಜಯವ್ವಾ, ಬಾ. ನಮ್ಮತ್ತಿ ನನಗ ಕೊಟ್ಟಂಗ ನಾ ನಿನಗ ಕೊಡತೀನಿ. ಹಿಡಿ ಸೌಟು.”

ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಮರಿಸ್ವಾಮಿ ತಲೆಗೆ ಟವೆಲು ಸುತ್ತಿಕೊಂಡ. ಇದು ಆ ಮನೆಯಲ್ಲಿ ಸೊಸೆಗೆ ಸಿಗುವ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ವಿಜಯಶ್ರೀ ಒಲೆಯ ಹತ್ತಿರ ಬಂದಳು. ಬಂದು, ಬಗ್ಗಿ, ಒಲೆಯ ಉರಿಯುವ ಕಟ್ಟಿಗೆಯನ್ನು ಹೊರಗೆಳೆದಳು.

“ನಾ ಹೊಯ್ಯಂಗಿಲ್ಲ ಅತ್ತಿ. ಈ ಕೂಸಿಗೂ ಹೊಯ್ಯಾಕ ಬಿಡಂಗಿಲ್ಲ.”

“ಏನಂದಿ?” ಮರಿಸ್ವಾಮಿ ಅಂಗಳಕ್ಕಿಳಿದ. “ಇಷ್ಟು ಮಂದಿ ಮುಂದ ಮನಿ ಮಾನ ಕಳೀತಿ? ಹೊಂದದಿದ್ರ ತವರಿಗೆ ಹೋಗು!”

“ಹೋಗ ಅಂದ್ರ ಹೋಗತೀನ್ರಿ. ಆದ್ರ ಹೇಳಿ ಹೋಗತೀನಿ.” ಅವಳು ಬಸ್ಸಮ್ಮನ ಕಡೆ ತಿರುಗಿದಳು. “ಯಕ್ಕಾ, ಅಲ್ಲಿ ಕುಂತಾಳ ನೋಡು, ಅಕಿ ನನ್ನ ಮಗಳು. ಊರೆಲ್ಲಾ ಅಕಿ ಮಾತು ಕೇಳಾಕ ಬರತಿತ್ತು. ಈಗ ಅಕಿ ಬಾಯಾಗ ಇರೋದು ಒಂದ ಅಕ್ಷರ. ನಾನ ಪರಾತ ಹಿಡಿದು ಹೊಯ್ಸೀನಿ. ನಿನ್ನ ಕೂಸಿಗೆ ಜ್ವರ ಬಂದೈತಿ, ಜ್ವರಕ್ಕ ಔಷಧ ಐತಿ. ಹೋದ ಮಾತಿಗೆ ಇಲ್ಲ.” ಮತ್ತೆ ಅತ್ತೆಯ ಜೋತುಬಿದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. “ನಿಮ್ಮ ಕೈಗೂ ಇದ ಸೀಸ ಹತ್ತೈತಿ ಅತ್ತಿ. ಹೊಗಿ ಎಲ್ಲಾ ಮದ್ಲ ನೀವ ಕುಡದೀರಿ. ಡಾಕ್ಟರಮ್ಮ ನಿಮ್ಮನ್ನೂ ಕರಕೊಂಡು ಬಾ ಅಂದಾರ.”

ವೀರಭದ್ರಮ್ಮ ಕೈ ಕೊಸರಿಕೊಳ್ಳಲು ನೋಡಿದಳು. ಅದಕ್ಕೂ ಬಲವಿರಲಿಲ್ಲ. ಸೊಸೆಯ ಮುಖ ನೋಡಿದಳು, ಮೂಲೆಯಲ್ಲಿ ಹಲ್ಲು ಕಡಿಯುತ್ತ ಕೂತ ಮೊಮ್ಮಗಳನ್ನು ನೋಡಿದಳು. ಇಷ್ಟು ದಿನ ಆಕೆ ಯಾವ ಮಾತನ್ನು ತನ್ನ ಹತ್ತಿರ ಬರಗೊಡದೆ ಒದ್ದಾಡುತ್ತಿದ್ದಳೋ ಅದು ಈಗ ಬಾಯಿಗೇ ಬಂತು.

“ಹಂಗಾರ... ನನ್ನ ಗುರುಬಸವನ್ನ ನಾನ ಹೊಯ್ಸಿ ಹೊಯ್ಸಿ ಕೊಂದೆ ಅಂತೀಯೇನು?”

ಶಿವಕಾಂತ ಹೆಂಡತಿಯ ಕಡೆ ಬೇಡಿಕೊಳ್ಳುವಂತೆ ನೋಡಿದ. ಇಲ್ಲ ಅಂದುಬಿಟ್ಟರೆ ಮುದುಕಿಗೆ ಸಮಾಧಾನ. ಇಲ್ಲ ಅಂದರೆ ಆ ಸೌಟು ಇವತ್ತೇ ಮತ್ತೆ ಒಲೆಯ ಮೇಲೆ. ವಿಜಯಶ್ರೀಯ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ಬಿಡಲಿಲ್ಲ.

“ನಿಮಗ ಗೊತ್ತಿರಲಿಲ್ಲ ಅತ್ತಿ,” ಅಂದಳು. “ಈಗ ಗೊತ್ತೈತಿ.”

ಕಟ್ಟೆಯ ಮೇಲಿದ್ದ ಇಬ್ಬರು ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡರು. ಜವಳಗೇರಾದ ಕಡೆ ಇನ್ನೊಬ್ಬರು ಹೊಯ್ಯುತ್ತಾರಂತೆ, ಅಲ್ಲಿಗೇ ಹೋಗೋಣ ಎಂದು ಮಾತಾಡಿಕೊಂಡು ಹೋದರು. ಉಳಿದವರು ಹೋಗಲೂ ಇಲ್ಲ, ಕೂರಲೂ ಇಲ್ಲ. ಸೌಟಿನಲ್ಲಿ ಸೀಸದ ಮೇಲೆ ಕೆನೆಗಟ್ಟಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಯಾರ ಕಣ್ಣೂ ಅದರ ಮೇಲೆ ಬಿದ್ದಿರಲಿಲ್ಲ.

ವೀರಭದ್ರಮ್ಮ ಎಡಗೈ ಚಾಚಿದಳು. ಮರಿಸ್ವಾಮಿ ಸೌಟಿಗೆಂದುಕೊಂಡ. ಅದು ಸೌಟನ್ನು ದಾಟಿ ಹೋಗಿ, ಬಸ್ಸಮ್ಮನ ಕೂಸಿನ ತಲೆಯ ಮೇಲಿದ್ದ ಒದ್ದೆ ಬಿಳಿಬಟ್ಟೆಯನ್ನು ಎಳೆದು ತೆಗೆಯಿತು.

“ತಲಿ ಒರಸವ್ವ, ಥಂಡಿ ಆದೀತು,” ಅಂದಳು. “ಜಲ್ದಿ ನಡಿ, ಸಿಂಧನೂರಿನ ಬಸ್ಸು ಬರೋ ಹೊತ್ತಾತು.”